ಡಾಕ್ ಕೊಳ್ಳುವ ಮೊದಲು ಅಡಾಪ್ಟರ್ ತಿರುಗಿಸಿ ನೋಡಿ

‘ಡಾಕ್ ಕೆಲಸ ಮಾಡ್ತಿಲ್ಲ ಸಾರ್’ ಎಂಬ ದೂರುಗಳಲ್ಲಿ ಡಾಕ್ (ಒಂದೇ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಮಾನಿಟರ್, ಲ್ಯಾನ್, ಚಾರ್ಜರ್ ಎಲ್ಲ ಜೋಡಿಸುವ ಡಬ್ಬಿ) ನಿಜಕ್ಕೂ ಕೆಟ್ಟಿರುವುದು ಅಪರೂಪ. ತುಮಕೂರಿನ ಆಡಿಟರ್ ಆಫೀಸಿರಲಿ, ವಸಂತನರಸಾಪುರದ ಕಾರ್ಖಾನೆಯಿರಲಿ, ಟೈಪ್-ಸಿ ಪಿನ್ ಸಲೀಸಾಗಿ ಕೂತಿತೆಂದು ನಂಬಿ ದುಡ್ಡು ಕೊಟ್ಟಿರುತ್ತಾರೆ.

ಟೈಪ್-ಸಿ ಬರೀ ಪೋರ್ಟಿನ ಆಕಾರ. ಮಾನಿಟರಿಗೆ ಚಿತ್ರ ಹೋಗಲು ಆ ಪೋರ್ಟಿನಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಇರಬೇಕು, ಚಾರ್ಜ್ ಆಗಲು ‘ಪವರ್ ಡೆಲಿವರಿ’ ಇರಬೇಕು. ಪೋರ್ಟಿನ ಪಕ್ಕದ ಗುರುತು ನೋಡಿ ಊಹಿಸುವುದಕ್ಕಿಂತ ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ಹಾಕಿ ಕಂಪನಿಯ ವಿವರ ಓದುವುದು ಮೇಲು. ಆಲ್ಟ್ ಮೋಡ್ ಇಲ್ಲವೇ? ಚಿತ್ರವನ್ನು ಮಾಮೂಲಿ ಯುಎಸ್‌ಬಿ ಡೇಟಾದಂತೆ ಕಳಿಸುವ ಡಿಸ್‌ಪ್ಲೇಲಿಂಕ್ ಚಿಪ್ಪಿನ ಡಾಕ್ ನಡೆಯುತ್ತದೆ, ಅದರ ಡ್ರೈವರ್ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಟ್ಯಾಲಿ, ಎಕ್ಸೆಲ್‌ಗೆ ಧಾರಾಳ, ವಿಡಿಯೊ ಎಡಿಟಿಂಗ್‌ಗೆ ಬೇಡ. ಕಂಪನಿ ಕೊಟ್ಟ ಲ್ಯಾಪ್‌ಟಾಪಾದರೆ ಡ್ರೈವರ್ ಹಾಕಲು ಐಟಿಯವರು ಬಿಡುತ್ತಾರೋ ಇಲ್ಲವೋ ಮೊದಲೇ ಕೇಳಿ. ಮ್ಯಾಕ್‌ಬುಕ್‌ನವರಿಗೆ ಇನ್ನೊಂದು ತೊಡಕು: ಎಂಎಸ್‌ಟಿ ಬಗೆಯ (ಒಂದೇ ಸಂಪರ್ಕವನ್ನು ಹಲವು ಮಾನಿಟರಿಗೆ ಹಂಚುವ) ಡಾಕಿಗೆ ಎರಡು ಮಾನಿಟರ್ ಹಾಕಿದರೆ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ.

ಇನ್ನು ವ್ಯಾಟ್ ಲೆಕ್ಕ. ಅಡಾಪ್ಟರ್ ಹಿಂದಿನ ಸಣ್ಣಕ್ಷರದಲ್ಲಿ ‘ಔಟ್‌ಪುಟ್ 20 ವೋಲ್ಟ್, 3.25 ಆಂಪ್’ ಎಂದಿದ್ದರೆ ಗುಣಿಸಿ: 65 ವ್ಯಾಟ್. ಸ್ವಂತ ಅಡಾಪ್ಟರ್ ಇಲ್ಲದ ಸಣ್ಣ ಡಾಕಿನ ಮೇಲೆ ‘100 ವ್ಯಾಟ್’ ಎಂದು ಬರೆದಿರುವುದು ಅದು ಒಳಗೆ ಎಳೆದುಕೊಳ್ಳಬಲ್ಲ ಮಿತಿ. ಸಾಮಾನ್ಯವಾಗಿ 10–15 ವ್ಯಾಟ್ ತನಗೇ ಇಟ್ಟುಕೊಂಡು ಉಳಿದದ್ದನ್ನು ದಾಟಿಸುತ್ತದೆ. ಲ್ಯಾಪ್‌ಟಾಪಿನ 65 ವ್ಯಾಟ್ ಅಡಾಪ್ಟರನ್ನೇ ಅದಕ್ಕೆ ಸಿಕ್ಕಿಸಿದರೆ ಕೊನೆಗೆ ಸಿಗುವುದು 50ರ ಆಸುಪಾಸು. ‘ಸ್ಲೋ ಚಾರ್ಜರ್’ ಸೂಚನೆ ಬರುವುದು, ಪ್ಲಗ್ಗಿನಲ್ಲಿದ್ದರೂ ಬ್ಯಾಟರಿ ಇಳಿಯುವುದು ಇದರಿಂದಲೇ. ಅಲ್ಲಿಗೆ 100 ವ್ಯಾಟ್ ಚಾರ್ಜರ್ ಬೇಕು, ಜೊತೆಗೆ 5 ಆಂಪ್ ಕೇಬಲ್ಲೂ ಬೇಕು. 3 ಆಂಪ್ ಕೇಬಲ್ 60 ವ್ಯಾಟ್‌ಗೇ ನಿಲ್ಲುತ್ತದೆ. ಮೊಬೈಲ್ ಜೊತೆ ಬಂದ ಕೇಬಲ್ಲಿನಲ್ಲಂತೂ ಹೆಚ್ಚಾಗಿ ಚಾರ್ಜ್ ಆಗುತ್ತದೆ, ಚಿತ್ರ ಬರುವುದಿಲ್ಲ. ಇದಕ್ಕೆ ಡಾಕನ್ನು ಬೈಯುವುದು ನ್ಯಾಯವಲ್ಲ.

ಕರೆಂಟ್ ಹೋಗಿ ಇನ್ವರ್ಟರ್ ಹತ್ತುವ ಕ್ಷಣದಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಉಳಿಯುತ್ತದೆ, ಡಾಕ್ ಸತ್ತು ಮತ್ತೆ ಏಳಬಹುದು. ಆಗ ಪರದೆ ಕಪ್ಪಾಗಿ, ಲ್ಯಾನ್ ಕಡಿದು, ಹಾರ್ಡ್‌ಡಿಸ್ಕ್‌ಗೆ ಅರ್ಧ ಕಾಪಿಯಾದ ಫೈಲ್ ಹಾಳಾಗಬಹುದು. ಇನ್ವರ್ಟರಿನ ಹಿಂದೆ ಸ್ವಿಚ್ ಇದ್ದರೆ ‘ಯುಪಿಎಸ್’ ಮೋಡ್‌ಗೆ ತಿರುಗಿಸಿ, ಬದಲಾವಣೆ ಬೇಗ ಆಗುತ್ತದೆ. ಅದರಲ್ಲೂ ತೊಂದರೆಯಾದರೆ ಡಾಕಿಗೂ ಮಾನಿಟರಿಗೂ ಚಿಕ್ಕ ಕಂಪ್ಯೂಟರ್ ಯುಪಿಎಸ್ ಇಡಿ.

ಡಾಕಿನ ಲೋಹದ ಮೈ ಮುಟ್ಟಿದರೆ ಜುಮ್ ಎನ್ನುತ್ತಿದೆಯೇ? ಎರಡು ಪಿನ್ ಅಡಾಪ್ಟರಾದರೆ ಅದರ ಫಿಲ್ಟರಿನಿಂದ ಸೋರುವ ಅತ್ಯಲ್ಪ ಕರೆಂಟ್ ಅದು. ಮೂರು ಪಿನ್ನಿನದ್ದಾಗಿಯೂ ಹಾಗಾದರೆ ಅರ್ತಿಂಗ್ ನೋಡಿಸಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿದರೆ ಅರ್ತ್ ಹಿಡಿಯುವುದಿಲ್ಲ. ಎಲೆಕ್ಟ್ರಿಷಿಯನ್ ಕೈಯಲ್ಲಿ ನ್ಯೂಟ್ರಲ್–ಅರ್ತ್ ವೋಲ್ಟೇಜ್ ಅಳೆಸಿ. ಮೂರು ವೋಲ್ಟ್ ದಾಟಿದ್ದರೆ ಮೊದಲು ಗುಂಡಿಗೆ ನೀರು ಹಾಕಿಸಿ ಮತ್ತೆ ಅಳೆಸಿ; ಇಳಿಯದಿದ್ದರೆ ವೈರಿಂಗ್ ತೆರೆದು ನೋಡಬೇಕಾಗುತ್ತದೆ.