ವಸಂತದ ಕೈತೋಟಕ್ಕೆ ಬೀಜ ತರಿಸುವ ಮುನ್ನ

ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಮುಗಿದಂದಿನಿಂದ ಯುಗಾದಿಯವರೆಗೆ ಕೈತೋಟ ಮತ್ತು ತಾರಸಿ ತೋಟ ಮಾಡುವವರು ಬೀಜ ತರಿಸಿಕೊಳ್ಳುವುದು ಹೆಚ್ಚು. ಹಿಂದೆ ಪುಣೆಯ ಪೋಚಾ, ಕಲ್ಕತ್ತೆಯ ಸಟನ್ಸ್ ಮುಂತಾದ ಕಂಪನಿಗಳ ಅಚ್ಚಾದ ಕ್ಯಾಟಲಾಗ್‌ಗಳನ್ನು ನೋಡಿ ಅಂಚೆಯಲ್ಲಿ ಬೀಜ ತರಿಸುತ್ತಿದ್ದರು. ಈಗ ಅವುಗಳ ಜಾಗದಲ್ಲಿ ಮೊಬೈಲ್ ಪರದೆಯ ಮೇಲೆ ನೂರಾರು ಮಾರಾಟಗಾರರ ಪಟ್ಟಿಗಳಿವೆ. ತೋಟಗಾರಿಕೆ ಸಲಹೆಗಾರನಾಗಿ ನಾನು ಕೇಳುವ ದೂರುಗಳಲ್ಲಿ ‘ಬೀಜ ಮೊಳೆಯಲಿಲ್ಲ’ ಎನ್ನುವುದಕ್ಕಿಂತ ‘ಗಿಡ ಸೊಂಪಾಗಿ ಬಂತು, ಕಾಯಿ ಮಾತ್ರ ಬಿಡಲಿಲ್ಲ’ ಎನ್ನುವುದೇ ಹೆಚ್ಚು, ಮತ್ತು ಅದರ ಕಾರಣವನ್ನು ಹುಡುಕುತ್ತ ಹೋದರೆ ಅದು ಮಣ್ಣಿನಲ್ಲಾಗಲಿ ಗೊಬ್ಬರದಲ್ಲಾಗಲಿ ಸಿಗದೆ, ಬಹುತೇಕ ಬೀಜಕ್ಕೆ ಆರ್ಡರ್ ಕೊಟ್ಟ ದಿನದಲ್ಲೇ ಸಿಗುತ್ತದೆ. ಕ್ಯಾಟಲಾಗ್ ಜನವರಿಯಲ್ಲೂ ಜುಲೈಯಲ್ಲೂ ಒಂದೇ ಬಗೆಯಾಗಿರುತ್ತದೆ, ಶಿಮ್ಲಾದವರಿಗೂ ಕಲಬುರಗಿಯವರಿಗೂ ಅದೇ ಚಿತ್ರವನ್ನು ತೋರಿಸುತ್ತದೆ. ಬಿತ್ತನೆಗಾದರೋ ತನ್ನದೇ ತಿಂಗಳಿದೆ, ತನ್ನದೇ ಸೀಮೆಯಿದೆ. ಹಣ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ತಳಿ ಯಾವ ತಿಂಗಳಿಗೆ, ಯಾವ ಸೀಮೆಗೆ ಸೇರಿದ್ದು?

ಬೀಜದ ಕ್ಯಾಟಲಾಗ್‌ಗಳಲ್ಲಿ ‘ವಸಂತದಲ್ಲಿ ಬಿತ್ತಿ’ ಎಂಬ ಸೂಚನೆ ಬಹಳ ಸಲ ಚಳಿ ದೇಶಗಳಿಂದ ಹಾಗೆಯೇ ಎತ್ತಿಕೊಂಡು ಬಂದದ್ದು. ಅಲ್ಲಿ ವಸಂತವೆಂದರೆ ಹಿಮ ಕರಗಿ, ನೆಲ ನಿಧಾನವಾಗಿ ಬೆಚ್ಚಗಾಗುವ ಕಾಲ. ಬಟಾಣಿ, ಲೆಟ್ಯೂಸ್, ಎಲೆಕೋಸುಗಳಿಗೆ ಅದು ಹೇಳಿಮಾಡಿಸಿದ ಹವೆ. ನಮ್ಮ ಮಾಘ, ಫಾಲ್ಗುಣಗಳು ಕೊಂಡೊಯ್ಯುವುದು ನೇರವಾಗಿ ಬೇಸಿಗೆಗೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್ ಹೊತ್ತಿಗೆ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತದೆ. ಸ್ನೋಬಾಲ್ ಗುಂಪಿನ ಹೂಕೋಸಿಗೆ ಗೆಡ್ಡೆ ಕಟ್ಟಲು 10ರಿಂದ 16 ಡಿಗ್ರಿಯ ತಂಪು ಬೇಕು. ಅದನ್ನು ಫೆಬ್ರವರಿಯಲ್ಲಿ ಬಿತ್ತಿದರೆ ಎಲೆಯ ಬುಟ್ಟಿಯೊಂದು ಸಿಕ್ಕೀತೇ ಹೊರತು ಹೂಕೋಸು ಸಿಗುವುದಿಲ್ಲ. ಈ ಕಾಲಕ್ಕೆ ತರಿಸಬೇಕಾದದ್ದು ಬೆಂಡೆ, ಅಲಸಂದೆ, ಸೌತೆ, ಹೀರೆ, ಹಾಗಲ, ಪಡವಲ, ಹರಿವೆ, ದಂಟು, ಬಸಳೆ, ಬದನೆ, ಮೆಣಸಿನಕಾಯಿಗಳ ಬೀಜ. ಇವು ಪಟ್ಟಿಯಲ್ಲಿ ಬಣ್ಣಬಣ್ಣವಾಗಿ ಕಾಣಿಸದಿದ್ದರೂ ಮೇ ತಿಂಗಳಲ್ಲಿ ಅಡುಗೆಮನೆಗೆ ಬರುವುದು ಇವೇ.

ಒಂದೇ ಬೆಳೆಯ ಒಳಗೂ ತಳಿಯಿಂದ ತಳಿಗೆ ಕಾಲ ಬೇರೆಯಾಗುತ್ತದೆ. ಮೂಲಂಗಿಯ ಯುರೋಪಿನ ತಳಿಗಳು ತಂಪಿನವು, ಆದರೆ ‘ಪೂಸಾ ಚೇತಕಿ’ ಎಂಬ ತಳಿಯನ್ನು ಬೇಸಿಗೆ ಮತ್ತು ಮಳೆಗಾಲಕ್ಕೆಂದೇ ರೂಪಿಸಿದ್ದಾರೆ. ಟೊಮೆಟೊ ಗಿಡ ಬಿಸಿಲಿನಲ್ಲಿ ಬೆಳೆಯಬಲ್ಲದು, ಆದರೆ ಹಗಲಿನ ಉಷ್ಣಾಂಶ 35 ಡಿಗ್ರಿಯನ್ನು ಮೀರಿ, ರಾತ್ರಿಯೂ ಸೆಕೆ ಇಳಿಯದೆ ಹೋದರೆ ಪರಾಗ ಬರಡಾಗಿ ಹೂ ಉದುರುತ್ತದೆ. ಹಾಗಾಗಿ ಬೆಂಗಳೂರು, ಹಾಸನ, ಚಿಕ್ಕಮಗಳೂರಿನವರು ಫೆಬ್ರವರಿಯಲ್ಲಿ ಧೈರ್ಯವಾಗಿ ಟೊಮೆಟೊ ಬಿತ್ತಬಹುದು. ಕಲ್ಯಾಣ ಕರ್ನಾಟಕದವರು ಅದೇ ಬೀಜವನ್ನು ಜೂನ್ ತಿಂಗಳಿಗೆ ಇಟ್ಟುಕೊಳ್ಳುವುದು ವಾಸಿ. ಕುಂಡದಲ್ಲಿ ಬೆಳೆಸುವವರು ಇನ್ನೂ ಒಂದು ವಿವರವನ್ನು ಗಮನಿಸಬೇಕು. ಪಟ್ಟಿಯಲ್ಲಿ ‘ಡಿಟರ್ಮಿನೇಟ್’ ಎಂದಿದ್ದರೆ ಗಿಡ ಒಂದು ಎತ್ತರಕ್ಕೆ ನಿಂತು ಒಟ್ಟಿಗೆ ಕಾಯಿ ಬಿಡುತ್ತದೆ, ‘ಇಂಡಿಟರ್ಮಿನೇಟ್’ ಎಂದಿದ್ದರೆ ಬಳ್ಳಿಯ ಹಾಗೆ ಬೆಳೆಯುತ್ತಲೇ ಹೋಗುತ್ತದೆ, ಅದಕ್ಕೆ ಆಳೆತ್ತರದ ಆಸರೆ ಬೇಕು.

ಉಷ್ಣಾಂಶಕ್ಕಿಂತಲೂ ಕಡಿಮೆ ಜನರಿಗೆ ತಿಳಿದಿರುವ ಸಂಗತಿ ಹಗಲಿನ ಉದ್ದ. ಗಿಡ ಸೊಂಪಾಗಿ ಬಂದೂ ಕಾಯಿ ಬಿಡದಿರುವ ದೂರಿನಲ್ಲಿ ಮೊದಲು ನೆನಪಿಗೆ ಬರುವುದು ನಮ್ಮ ಅವರೆ. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಗಿಡ. ಅದನ್ನು ಮಾರ್ಚ್‌ನಲ್ಲಿ ಬಿತ್ತಿದರೆ ಬಳ್ಳಿ ಚಪ್ಪರವನ್ನೆಲ್ಲ ಹಬ್ಬಿ, ನೀರು, ಗೊಬ್ಬರ, ಜಾಗಗಳನ್ನು ಎಂಟು ತಿಂಗಳು ಉಂಡು, ಚಳಿ ಶುರುವಾಗುವವರೆಗೆ ಒಂದು ಹೂವನ್ನೂ ತೋರಿಸುವುದಿಲ್ಲ. ಬಳ್ಳಿಗೆ ರೋಗವಿದೆಯೆಂದು ಔಷಧಿ ಹೊಡೆಯುವವರನ್ನು, ಬೀಜ ಕೊಟ್ಟವರೊಂದಿಗೆ ಜಗಳಕ್ಕೆ ನಿಲ್ಲುವವರನ್ನು ನಾನು ಕಂಡಿದ್ದೇನೆ. ಅಲ್ಲಿ ಬೀಜದ್ದೂ ತಪ್ಪಿಲ್ಲ, ಬಳ್ಳಿಯದ್ದೂ ತಪ್ಪಿಲ್ಲ. ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡಲೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳನ್ನು ಕೊಟ್ಟಿದ್ದಾರೆ. ಇವು ಕುಳ್ಳ ಗಿಡಗಳು, ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಸೊಗಡು ಮಾತ್ರ ನಾಟಿ ಅವರೆಯಷ್ಟು ಇರುವುದಿಲ್ಲ. ಸೊಗಡೇ ಬೇಕೆನ್ನುವವರು ನಾಟಿ ಬೀಜವನ್ನೇ ತರಿಸಿ, ಮುಂಗಾರಿನ ಕೊನೆಯವರೆಗೆ ಕಾದು ಬಿತ್ತುವುದು ಸರಿ. ಇದೇ ಕಾರಣಕ್ಕೆ ನ್ಯೂಜೆರ್ಸಿಯಲ್ಲೋ ಮಿಚಿಗನ್ನಿನಲ್ಲೋ ಇರುವ ಕನ್ನಡಿಗರು ಊರಿನ ಅವರೆಯನ್ನು ಮೇ ತಿಂಗಳಲ್ಲಿ ಬಿತ್ತಿದಾಗ, ಬಳ್ಳಿ ಹೂ ಬಿಡುವ ಹೊತ್ತಿಗೆ ಅಲ್ಲಿ ಹಿಮ ಬೀಳುವ ಕಾಲ ಬಂದುಬಿಡುತ್ತದೆ. ಅವರಿಗೂ ಹೆಬ್ಬಾಳದ ತಳಿಗಳೇ ದಾರಿ.

ಈರುಳ್ಳಿಯಲ್ಲಿ ಇದು ತಿರುವುಮುರುವು. ಉತ್ತರದ ಚಳಿ ದೇಶಗಳ ಕ್ಯಾಟಲಾಗ್‌ಗಳಲ್ಲಿ ಕಾಣುವ ದಪ್ಪ ಹಳದಿ ಈರುಳ್ಳಿಯ ತಳಿಗಳಿಗೆ ಗೆಡ್ಡೆ ಕಟ್ಟಲು 14 ಗಂಟೆಗೂ ಮೀರಿದ ಹಗಲು ಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆಯನ್ನು ದಾಟುವುದಿಲ್ಲ. ಆ ಬೀಜ ಇಲ್ಲಿ ಈರುಳ್ಳಿ ಸೊಪ್ಪನ್ನು ಕೊಟ್ಟೀತು, ಗೆಡ್ಡೆಯನ್ನು ಕೊಡದು. ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್‌ನಂಥ ನಮ್ಮ ತಳಿಗಳನ್ನೇ ಆರಿಸಬೇಕು, ಅದರಲ್ಲೂ ಕಲ್ಯಾಣ್ ಮುಂಗಾರಿಗೆ, ನಿಕೇತನ್ ಹಿಂಗಾರಿಗೆ ಎಂಬ ಭೇದವನ್ನು ನೆನಪಿಡಬೇಕು.

ಇನ್ನು ಹೈಬ್ರಿಡ್ ಮತ್ತು ಸುಧಾರಿತ ತಳಿಗಳ ಪ್ರಶ್ನೆ. ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮೆಟೊವನ್ನೂ ‘ಭಾರತ್’ ಎಂಬ ಹೈಬ್ರಿಡ್ ದಪ್ಪಮೆಣಸಿನಕಾಯಿಯನ್ನೂ ಹೊರತಂದ ಮೇಲೆ ನಮ್ಮ ತರಕಾರಿ ಬೀಜದ ಮಾರುಕಟ್ಟೆಯ ಸ್ವರೂಪವೇ ಬದಲಾಯಿತು. ಎರಡು ಶುದ್ಧ ಸಾಲುಗಳನ್ನು, ಎಂದರೆ ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗದ ತಳಿಗಳನ್ನು, ಸಂಕರ ಮಾಡಿ ಪಡೆದ ಮೊದಲ ಪೀಳಿಗೆಯ ಬೀಜವೇ ‘ಎಫ್-1’. ಅದರ ಹುರುಪು, ಏಕರೂಪತೆ ಆ ಒಂದು ಪೀಳಿಗೆಗೆ ಸೀಮಿತ. ಅದರ ಹಣ್ಣಿನ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಮಕ್ಕಳೆಲ್ಲ ಬೇರೆ ಬೇರೆ ಗುಣ ತೋರಿಸುತ್ತವೆ. ಉದಾಹರಣೆಗೆ, ಹೆಸರಘಟ್ಟದ ಟೊಮೆಟೊಗಳಲ್ಲಿ ‘ಅರ್ಕಾ ರಕ್ಷಕ್’ ಎಫ್-1 ಹೈಬ್ರಿಡ್; ಎಲೆ ಮುರುಟು ನಂಜು, ದುಂಡಾಣು ಸೊರಗು ರೋಗ, ಅಂಗಮಾರಿ ಈ ಮೂರನ್ನೂ ತಡೆಯುವಂತೆ ಅದನ್ನು ರೂಪಿಸಿದ್ದಾರೆ. ‘ಅರ್ಕಾ ವಿಕಾಸ್’ ಸುಧಾರಿತ ತಳಿ. ಅದರ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ನಾಲ್ಕೈದು ಕುಂಡಗಳಿರುವ, ಸುತ್ತಮುತ್ತ ನಂಜು ರೋಗದ ಕಾಟವಿರುವ ಮನೆಗೆ ನಾನು ಹೈಬ್ರಿಡ್ಡನ್ನೇ ಹೇಳುತ್ತೇನೆ. ಬೀಜ ಉಳಿಸುವ ಮನಸ್ಸಿರುವವರಿಗೆ ಸುಧಾರಿತ ತಳಿ, ನಾಟಿ ತಳಿಗಳು ಸರಿ; ಸಹಜ ಸಮೃದ್ಧದಂಥ ಸಂಸ್ಥೆಗಳು ದೇಸಿ ಬೀಜಗಳನ್ನು ಉಳಿಸಿ ಹಂಚುವ ಕೆಲಸವನ್ನು ವರ್ಷಗಳಿಂದ ಮಾಡುತ್ತ ಬಂದಿವೆ. ಎಲ್ಲರಿಗೂ ಒಂದೇ ಉತ್ತರವೆಂದು ಹಟ ಹಿಡಿಯುವುದು ಎರಡೂ ಕಡೆಯಿಂದ ತಪ್ಪು.

ಅರ್ಕಾವತಿ ನದಿಯ ಹೆಸರನ್ನು ಹೊತ್ತ, ಹೆಸರಘಟ್ಟದ ಸಂಸ್ಥೆಯ ಈ ‘ಅರ್ಕಾ’ ತಳಿಗಳ ಪಟ್ಟಿ ನಮ್ಮ ಕೈತೋಟಗಳಿಗೆ ಬಲು ಉಪಯುಕ್ತ, ಏಕೆಂದರೆ ಪ್ರತಿ ತಳಿಯ ಜೊತೆಗೆ ಅದರ ಕಾಲ, ಅವಧಿ, ರೋಗನಿರೋಧಕ ಗುಣಗಳನ್ನು ಅಲ್ಲಿ ಕೊಟ್ಟಿರುತ್ತಾರೆ. ಅಂತರ್ಜಾಲದ ಮೂಲಕವೂ ಸಂಸ್ಥೆ ಬೀಜ ಮಾರುತ್ತದೆ. ಆದರೆ ‘ರೋಗನಿರೋಧಕ’ ಎಂಬ ಮಾತನ್ನು ಶಾಶ್ವತ ಭರವಸೆಯೆಂದು ಓದಬಾರದು. ಕಾಡುಬೆಂಡೆಯೊಂದರಿಂದ ಗುಣವನ್ನು ತಂದು ರೂಪಿಸಿದ ‘ಅರ್ಕಾ ಅನಾಮಿಕಾ’ ಬೆಂಡೆ ಹಳದಿ ನಂಜು ರೋಗಕ್ಕೆ ದೇಶದಾದ್ಯಂತ ಹೆಸರಾದ ಉತ್ತರವಾಗಿತ್ತು. ಕಾಲಕ್ರಮದಲ್ಲಿ ವೈರಸ್ಸೂ ಬದಲಾಗಿ ಹಲವೆಡೆ ಆ ತಡೆ ದುರ್ಬಲವಾಗಿದೆ. ಬೇಸಿಗೆಯಲ್ಲಿ ನಂಜು ಹರಡುವ ಬಿಳಿನೊಣ ಹೆಚ್ಚುವುದರಿಂದ, ಯಾವ ತಳಿ ತರಿಸಿದರೂ ಹಳದಿ ಅಂಟುಕಾರ್ಡುಗಳನ್ನು ಜೊತೆಯಲ್ಲೇ ತರಿಸುವುದು ಒಳ್ಳೆಯದು.

ಪೊಟ್ಟಣದ ಮುಂಭಾಗಕ್ಕಿಂತ ಹಿಂಭಾಗ ಮುಖ್ಯ. 1966ರ ಬೀಜ ಕಾಯ್ದೆ ಮತ್ತು 1968ರ ನಿಯಮಗಳ ಪ್ರಕಾರ ಅಧಿಸೂಚಿತ ತಳಿಗಳ ಬೀಜದ ಚೀಟಿಯ ಮೇಲೆ ತಳಿಯ ಹೆಸರು, ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಮೊಳಕೆಯ ಪ್ರಮಾಣ, ಶುದ್ಧತೆ, ತೂಕ, ಮಾರಾಟಗಾರರ ವಿಳಾಸ ಇರಬೇಕು. ನೀಲಿ ಚೀಟಿ ಪ್ರಮಾಣಿತ ಬೀಜದ್ದು, ಎಂದರೆ ಪ್ರಮಾಣೀಕರಣ ಸಂಸ್ಥೆ ಪರೀಕ್ಷಿಸಿ ಒಪ್ಪಿದ ಬೀಜದ್ದು. ತಿಳಿಹಸಿರು ಚೀಟಿಯಿದ್ದರೆ ಬೀಜದ ಗುಣಮಟ್ಟಕ್ಕೆ ಉತ್ಪಾದಕರ ಮಾತೇ ಹೊಣೆ. ಮೊಳಕೆಗೆ ದೇಶದ ಕನಿಷ್ಠ ಮಟ್ಟ ಟೊಮೆಟೊ, ಬದನೆಗೆ ಶೇಕಡಾ 70, ಬೆಂಡೆಗೆ 65, ಮೆಣಸಿನಕಾಯಿ ಮತ್ತು ಸೌತೆಯ ಜಾತಿಗಳಿಗೆ 60. ಎಂದರೆ ಹತ್ತು ಮೆಣಸಿನಕಾಯಿ ಬೀಜಗಳಲ್ಲಿ ಆರು ಮೊಳೆತರೆ ಮಾರಿದವರು ಮಾತು ಉಳಿಸಿಕೊಂಡ ಹಾಗೆಯೇ. ಅಂತರ್ಜಾಲದ ಮಾರಾಟಗಾರರು ಮುಂಭಾಗದ ಚಿತ್ರವನ್ನು ಮಾತ್ರ ಹಾಕಿದ್ದರೆ, ಹಿಂಭಾಗದ ಚಿತ್ರವನ್ನೂ ಪರೀಕ್ಷೆಯ ದಿನಾಂಕವನ್ನೂ ಕೇಳಿ ಪಡೆಯಬೇಕು; ಕೊಡಲು ಹಿಂಜರಿಯುವವರಿಂದ ಕೊಳ್ಳದಿರುವುದೇ ಕ್ಷೇಮ. ಬೀಜಕ್ಕೆ ಗುಲಾಬಿ, ನೀಲಿ, ಹಸಿರು ಬಣ್ಣ ಹಚ್ಚಿದ್ದರೆ ಅದಕ್ಕೆ ಶಿಲೀಂಧ್ರನಾಶಕವನ್ನು ಲೇಪಿಸಿದ್ದಾರೆಂದೇ ತಿಳಿದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಎಷ್ಟು ತರಿಸಬೇಕು ಎನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂದು ಗ್ರಾಂ ಟೊಮೆಟೊದಲ್ಲಿ ಸುಮಾರು 300 ಬೀಜಗಳಿರುತ್ತವೆ, ಒಂದು ಗ್ರಾಂ ಬೆಂಡೆಯಲ್ಲಿ ಇಪ್ಪತ್ತೂ ಇರುವುದಿಲ್ಲ. ನಾಲ್ಕು ಜನರ ಮನೆಗೆ ಒಂದು ಹಂಗಾಮಿಗೆ ಆರೆಂಟು ಟೊಮೆಟೊ ಗಿಡ ಸಾಕು. ಬೆಂಡೆ ಮಾತ್ರ ಹದಿನೈದು ಇಪ್ಪತ್ತು ಗಿಡವಾದರೂ ಇದ್ದರೆ ಒಂದು ಹೊತ್ತಿನ ಪಲ್ಯಕ್ಕೆ ಒಟ್ಟಿಗೆ ಕಾಯಿ ಸಿಗುತ್ತದೆ. ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಬೇಕು. ಬೀಜದ ತೇವಾಂಶ ಶೇಕಡಾ ಒಂದರಷ್ಟು ಇಳಿದರೆ ಅದರ ಆಯುಷ್ಯ ಇಮ್ಮಡಿಯಾಗುತ್ತದೆ, ಉಷ್ಣಾಂಶ 5 ಡಿಗ್ರಿ ಇಳಿದರೂ ಇಮ್ಮಡಿಯಾಗುತ್ತದೆ ಎಂಬುದು ಬೀಜವಿಜ್ಞಾನದ ಹಳೆಯ ಸೂತ್ರ. ಕರಾವಳಿಯ ಸೆಕೆಯಲ್ಲಿ ತೆರೆದಿಟ್ಟ ಪೊಟ್ಟಣ ಬೇಗ ಸಾಯಲು ಇದೇ ಕಾರಣ. ಈರುಳ್ಳಿ ಬೀಜವನ್ನಂತೂ ಮರುವರ್ಷಕ್ಕೆ ನಂಬುವಂತಿಲ್ಲ.

ಅಂತರ್ಜಾಲದಲ್ಲಿ ನೀಲಿ ಗುಲಾಬಿಯ ಬೀಜ, ಕಾಮನಬಿಲ್ಲಿನ ಬಣ್ಣದ ಗುಲಾಬಿಯ ಬೀಜ, ನೀಲಿ ಸ್ಟ್ರಾಬೆರಿಯ ಬೀಜಗಳನ್ನು ಮಾರುವವರಿದ್ದಾರೆ. ಇವು ಚಿತ್ರದಲ್ಲಿ ಮಾತ್ರ ಇರುವ ಗಿಡಗಳು. ಗುಲಾಬಿಗೆ ಸಹಜವಾಗಿ ನೀಲಿ ವರ್ಣದ್ರವ್ಯವೇ ಇಲ್ಲ. ಜಪಾನಿನ ಸಂಟೋರಿ ಕಂಪನಿ ವಂಶವಾಹಿ ತಂತ್ರದಿಂದ ಪಡೆದು 2009ರಿಂದ ಮಾರಿದ ಹೂವೂ ನಸುನೇರಳೆಯೇ ಹೊರತು ಕಡುನೀಲಿಯಲ್ಲ. ಮೇಲಾಗಿ ತೋಟದ ಗುಲಾಬಿ ಬೀಜದಿಂದ ತಾಯಿಯ ಹೂವನ್ನೇ ಕೊಡುವ ಗಿಡವಲ್ಲ, ಅದನ್ನು ಕಡ್ಡಿ ಅಥವಾ ಕಣ್ಣುಕಸಿಯಿಂದ ಬೆಳೆಸುತ್ತಾರೆ. ವಿದೇಶದಿಂದ ನೇರವಾಗಿ ಬೀಜ ತರಿಸುವುದು ಇನ್ನೂ ಗಂಭೀರ ವಿಷಯ. 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಅದಕ್ಕೆ ಆಮದು ಪರವಾನಗಿಯೂ ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. 2020ರಲ್ಲಿ ಹಲವು ದೇಶಗಳ ಜನರಿಗೆ ಕೇಳದ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದಾಗ ಸರ್ಕಾರಗಳು ಅವನ್ನು ಬಿತ್ತಬಾರದೆಂದು ಎಚ್ಚರಿಸಿದ್ದು ಹೊಸ ಕಳೆ, ಹೊಸ ರೋಗಗಳ ಭಯದಿಂದ. ಊರಿನಿಂದ ಬೀಜ ಕೊಂಡೊಯ್ಯುವ ಅಮೆರಿಕದ ಕನ್ನಡಿಗರಿಗೂ ಇಂಥದೇ ಕಟ್ಟಳೆಗಳಿವೆ. ನಿಂಬೆ ಜಾತಿಯ ಮರಗಳಿಗೆ ಮಾರಕ ರೋಗ ಹರಡುವ ಕೀಟಕ್ಕೆ ಆಶ್ರಯವಾಗುವುದರಿಂದ ಅಲ್ಲಿ ಕರಿಬೇವಿನ ಗಿಡದ ಸಾಗಣೆಗೂ ನಿರ್ಬಂಧವಿದೆ.

ಬೀಜದ ಮಾತು ಹೀಗಾದರೆ, ಗಿಡಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಹಣ್ಣಿನ ಗಿಡಗಳನ್ನು ವಸಂತದಲ್ಲಿ ಆರಿಸಿ ಕಾದಿರಿಸಿ, ಆದರೆ ಮುಂಗಾರು ಹಿಡಿದ ಮೇಲೆಯೇ ತರಿಸಿಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ಮೂರು ದಿನ ಕೊರಿಯರ್ ಗೋದಾಮಿನ ಡಬ್ಬಿಯೊಳಗಿದ್ದ ಕಸಿಗಿಡ ಬದುಕಿದರೂ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಕಸಿಗಿಡ ಕೈಸೇರಿದಾಗ ಕಸಿ ಕಟ್ಟಿದ ಗಂಟು ಕಾಣುತ್ತದೆಯೇ, ಚಿಗುರು ಗಂಟಿನ ಮೇಲಿನಿಂದ ಬಂದಿದೆಯೇ ಎಂದು ನೋಡಬೇಕು; ಗಂಟಿನ ಕೆಳಗಿನ ಚಿಗುರು ಕಸಿಗೆ ಬುಡವಾಗಿ ಬಳಸಿದ ಬೇರುಸಸಿಯದ್ದು, ಅದನ್ನು ಚಿವುಟಿ ಹಾಕಬೇಕು. ಬೀಜದಿಂದ ಎಬ್ಬಿಸಿದ ಸಸಿಯನ್ನೇ ಕಸಿಯೆಂದು ಮಾರುವುದುಂಟು, ಮತ್ತು ಎಳೆಯ ಗಿಡದ ಎಲೆ ನೋಡಿ ತಳಿಯನ್ನು ಹೇಳುವುದು ಸಾಮಾನ್ಯರಿಗೆ ಸಾಧ್ಯವಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸಿನ ತಾಮ್ರಗೆಂಪು ತೊಳೆ ಹೆಸರುವಾಸಿಯಾದಾಗ, ಅದರ ಕಸಿಗಳು ಮರದ ಒಡೆಯರಾದ ರೈತ ಕುಟುಂಬದ ಮೂಲಕವೇ ಮಾರಾಟವಾಗುವಂತೆ ಹೆಸರಘಟ್ಟದ ಸಂಸ್ಥೆ ಒಪ್ಪಂದ ಮಾಡಿಕೊಂಡಿತು. ಹೆಸರಾಂತ ತಳಿಗಳನ್ನು ಇಂಥ ಮೂಲಗಳಿಂದಲೇ ತರಿಸಬೇಕು. ಪಪಾಯದಲ್ಲಂತೂ ಗಂಡು ಹೆಣ್ಣು ಗಿಡಗಳು ಬೇರೆಬೇರೆಯಾಗಿರುವ ತಳಿಗಳಿವೆ. ಒಂದೆರಡೇ ಗಿಡ ನೆಡುವವರು ಅರ್ಕಾ ಪ್ರಭಾತ್, ರೆಡ್ ಲೇಡಿಗಳಂತೆ ಗಂಡುಗಿಡವೇ ಹುಟ್ಟದ ತಳಿಗಳನ್ನು ಆರಿಸಿದರೆ ವರ್ಷವಿಡೀ ಸಾಕಿದ ಗಿಡ ಬರೀ ಹೂವಿನ ಗೊಂಚಲು ತೋರಿಸುವ ಸಂದರ್ಭ ಬರುವುದಿಲ್ಲ.

ಪಾರ್ಸೆಲ್ ಬಂದ ದಿನವೇ ಇಪ್ಪತ್ತು ಬೀಜಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗಿನ ಜಾಗದಲ್ಲಿ ಇಟ್ಟು ಮೊಳಕೆ ನೋಡಬೇಕು. ಬೆಂಡೆ, ಸೌತೆ ಒಂದು ವಾರದೊಳಗೆ ಉತ್ತರ ಕೊಡುತ್ತವೆ; ಮೆಣಸಿನಕಾಯಿ, ಬದನೆಗಳಿಗೆ ಎರಡು ವಾರ ಕೊಡಬೇಕು. ಬಿಲ್ಲು, ಖಾಲಿ ಪೊಟ್ಟಣ, ಅದರ ಚೀಟಿ ಮತ್ತು ಒಂದು ಚಿಟಿಕೆ ಬೀಜವನ್ನು ಬೆಳೆ ಮುಗಿಯುವವರೆಗೂ ಎತ್ತಿಡಬೇಕು. ಬೀಜ ಕೊಂಡ ರೈತರೂ ಗ್ರಾಹಕರೇ, ಅವರು ಗ್ರಾಹಕ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಕೈತೋಟದವರು ಮೂವತ್ತು ರೂಪಾಯಿಯ ಪೊಟ್ಟಣಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ, ಆದರೆ ಲಾಟ್ ಸಂಖ್ಯೆಯನ್ನು ನಮೂದಿಸಿ ಮೊಳಕೆಯ ಚಿತ್ರದೊಂದಿಗೆ ಬರೆದ ಪತ್ರಕ್ಕೆ ಹೆಚ್ಚಿನ ಮಾರಾಟಗಾರರು ಹೊಸ ಬೀಜವನ್ನು ಕಳಿಸಿಕೊಡುತ್ತಾರೆ, ಮತ್ತು ಮಾರ್ಚ್ ಎರಡನೆಯ ವಾರದೊಳಗೆ ಅದು ಕೈಸೇರಿದರೆ ಬೆಂಡೆಗೂ ಅಲಸಂದೆಗೂ ಇನ್ನೂ ಕಾಲ ಮಿಂಚಿರುವುದಿಲ್ಲ.