ಉಯಿಲು: ಬರೆದವರು ಹೋದ ಮೇಲೆ ಮಾತಾಡುವ ಕಾಗದ

‘ರೈತರಿಗೆ ಮರಣಶಾಸನವಾದ ಕಾಯ್ದೆ’ ಎಂಬಂಥ ತಲೆಬರಹಗಳನ್ನು ಓದಿ ಓದಿ, ಮರಣಶಾಸನವೆಂದರೆ ಗಲ್ಲಿನ ಆದೇಶ ಎಂಬ ಭಾವನೆ ನಮಗೆ ಬಂದುಬಿಟ್ಟಿದೆ. ಕಾನೂನಿನ ಕನ್ನಡದಲ್ಲಿ ಅದು ವಿಲ್‌ಗೆ ಇರುವ ಹೆಸರು, ಅಷ್ಟೇ. ಉತ್ತರ ಕರ್ನಾಟಕದ ಕಡೆ ಮೃತ್ಯುಪತ್ರ ಎನ್ನುವುದೂ ಉಂಟು. ಮನೆಯಲ್ಲಿ ಈ ಮಾತು ತೆಗೆದರೆ ಅಜ್ಜಿ ‘ಬಿಡ್ತು ಅನ್ನು’ ಎಂದು ಗದರುವುದರಲ್ಲಿ ಈ ಹೆಸರುಗಳ ಪಾಲೂ ಇದೆ. ನನಗೆ ಉಯಿಲು ಎಂಬುದೇ ಇಷ್ಟ. ಇಂಗ್ಲಿಷಿನ ವಿಲ್ ನಮ್ಮ ನಾಲಿಗೆಯ ಮೇಲೆ ಹೊರಳಿ ಆದ ಪದ. ಸಾವಿನ ವಾಸನೆ ಇಲ್ಲ.

ತನ್ನ ಕಾಲಾನಂತರ ಆಸ್ತಿ ಯಾರಿಗೆ, ಹೇಗೆ ಸೇರಬೇಕೆಂದು ಬರೆದಿಡುವ ಪತ್ರ ಇದು. ಬರೆದವರು ಇರುವಷ್ಟು ದಿನ ಅದಕ್ಕೆ ಜೀವವಿಲ್ಲ. ಮನೆಯನ್ನು ದಾನಪತ್ರ ಮಾಡಿ ನೋಂದಾಯಿಸಿದರೆ ಅದು ಕೈಬಿಟ್ಟಂತೆಯೇ. ಉಯಿಲನ್ನಾದರೋ ಮನಸ್ಸು ಬದಲಾದಾಗ ಹರಿದು ಇನ್ನೊಂದು ಬರೆಯಬಹುದು.

ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಮುಖ್ತ್ಯಾರ್‌ನಾಮೆ, ಇದಕ್ಕೆ ತದ್ವಿರುದ್ಧ. ಕೊಟ್ಟವರ ಉಸಿರು ನಿಂತಾಗ ಸಾಮಾನ್ಯವಾಗಿ ಅದೂ ನಿಲ್ಲುತ್ತದೆ; ಅಪ್ಪನ ಜಿಪಿಎ ಹಿಡಿದು ಅವರ ತಿಥಿಯ ಮರುದಿನ ಮಗ ಸೈಟು ಮಾರುವಂತಿಲ್ಲ. ಅಪ್ಪನಿಗೆ ಮರೆವಿನ ಕಾಯಿಲೆ ಬಲಿತು ಬುದ್ಧಿ ಸ್ಥಿಮಿತ ತಪ್ಪಿದರೂ ಅದು ಮುಗಿದಂತೆಯೇ. ಮಕ್ಕಳಿಗೆ ಅದು ನಿಜವಾಗಿ ಬೇಕಾಗುವುದೇ ಆಗ! ನಮ್ಮ ಕಾನೂನಿನಲ್ಲಿ ಇದೊಂದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆ ಸಾಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟನ್ನು, ಜೊತೆಗೆ ಇಬ್ಬರು ಸಾಕ್ಷಿಗಳನ್ನು. ಸಾಕ್ಷಿಗಳು ಆ ಸಹಿಯನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ ‘ಇದು ನನ್ನದೇ ಸಹಿ’ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರೆದುರಿಗೇ ತಾವೂ ಸಹಿ ಹಾಕಬೇಕು. ನಾವು ಎಡವುವುದು ಇಲ್ಲೇ. ಟೈಪಿಂಗ್ ಮುಗಿದೊಡನೆ ಪಕ್ಕದ ಜೆರಾಕ್ಸ್ ಅಂಗಡಿಯವನನ್ನು ಕೂಗಿ, ‘ಅಣ್ಣಾ, ಇಲ್ಲೊಂದು ಸೈನ್ ಹಾಕಿಬಿಡು’ ಎನ್ನುತ್ತೇವೆ. ಹದಿನೈದು ವರ್ಷದ ಮೇಲೆ ಅಣ್ಣತಮ್ಮಂದಿರ ತಕರಾರು ಕೋರ್ಟಿಗೆ ಹೋದಾಗ ಕಟಕಟೆ ಹತ್ತಬೇಕಾದವನು ಅವನೇ. ನೋಂದಣಿಯಾದ ಉಯಿಲಾದರೂ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಹಾಗಾಗಿ ಸಾಕ್ಷಿಗಳು ನಿಮಗಿಂತ ಕಿರಿಯರಾಗಿರಲಿ, ಗುರುತಿನವರಾಗಿರಲಿ, ಆಸ್ತಿಯಲ್ಲಿ ಪಾಲಿಲ್ಲದವರಾಗಿರಲಿ.

ಇಂದಿಗೂ ವಕೀಲರು ಎತ್ತಿ ಹೇಳುವ ಮೊಕದ್ದಮೆಯೊಂದು ನಮ್ಮ ಮೈಸೂರು ಸೀಮೆಯದೇ: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ. 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಉಯಿಲನ್ನು ಕೋರ್ಟಿನ ಮುಂದಿಟ್ಟವರೇ ಅದನ್ನು ಬರೆಸುವುದರಲ್ಲೂ ಮುಂದಿದ್ದರು, ದೊಡ್ಡ ಲಾಭ ಅವರ ಗಂಡುಮಕ್ಕಳಿಗೇ ಇತ್ತು. ಬರೆಸಿದ ಹೆಂಗಸು ಬಂದು ಹೌದು, ಅಲ್ಲ ಎನ್ನುವಂತಿಲ್ಲವಲ್ಲ. ಇಂಥ ಅನುಮಾನವನ್ನು ಉಯಿಲು ತಂದವರೇ ಕಳೆಯಬೇಕು ಎಂದ ನ್ಯಾಯಾಲಯ, ಆ ಉಯಿಲನ್ನು ಒಪ್ಪಲಿಲ್ಲ.

ಪಿತ್ರಾರ್ಜಿತಕ್ಕೆ ಉಯಿಲೇ ನಡೆಯದು ಎಂಬ ಮಾತು ಅರ್ಧ ನಿಜ. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ತನ್ನ ಪಾಲಿನ ಮಟ್ಟಿಗೆ ಬರೆಯಬಹುದು, ಮಿಕ್ಕವರ ಪಾಲನ್ನಲ್ಲ. ಮುಸ್ಲಿಮರಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಇನ್ನು ಬ್ಯಾಂಕಿನ ನಾಮಿನಿ ಹಣ ಪಡೆದುಕೊಳ್ಳುವವರಷ್ಟೇ, ಅದರ ಒಡೆಯರಲ್ಲ.

ಬರೆದದ್ದನ್ನು ಎಲ್ಲಿಡುವುದು? ಒಬ್ಬರದೇ ಹೆಸರಿನ ಲಾಕರಿನಲ್ಲಿಟ್ಟರೆ, ಉಯಿಲು ಬೇಕಾದ ಹೊತ್ತಿಗೆ ಲಾಕರು ತೆಗೆಸಲೇ ಮನೆಯವರು ಅಲೆಯಬೇಕು. 1908ರ ನೋಂದಣಿ ಕಾಯ್ದೆಯ 42ನೇ ಕಲಂ ಪ್ರಕಾರ ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಬಹುದು. ಅದು ಬೇಡವೆಂದರೆ ಮನೆಯ ಬೀರುವೂ ಆದೀತು, ಯಾವ ಬೀರು ಎಂದು ಒಬ್ಬರಿಗಾದರೂ ಗೊತ್ತಿದ್ದರೆ.