ಎಸ್ಟ್ರೊಜೆನ್ ಆಗಿಬರದವರಿಗೆ ಗರ್ಭನಿರೋಧಕ: ಆಯ್ಕೆ ಹೇಗೆ?

ಧಾರವಾಡ, ಗದಗ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತರಬೇತಿಗೆ ಹೋಗುವ ನರ್ಸಿಂಗ್ ಗೆಳತಿಯರಿಗಾಗಿ ಈ ಟಿಪ್ಪಣಿ. "ನಿಮಗೆ ಗುಳಿಗೆ ಆಗಿಬರುವುದಿಲ್ಲ" ಎಂದು ಕೇಳಿಸಿಕೊಂಡ ತಾಯಿ ಎಷ್ಟೋ ಸಲ, ಇನ್ನು ಆಪರೇಷನ್ ಒಂದೇ ದಾರಿ ಎಂದುಕೊಂಡು ಮನೆಗೆ ಹೋಗುತ್ತಾಳೆ. ಆಗಿಬರದಿರುವುದು ಗುಳಿಗೆಯಲ್ಲಿರುವ ಎಸ್ಟ್ರೊಜೆನ್ ಎಂಬ ಹಾರ್ಮೋನ್ ಮಾತ್ರ. ಇದನ್ನು ಆಕೆಗೆ ಬಿಡಿಸಿ ಹೇಳುವುದು ನಮ್ಮ ಕೆಲಸ.

ಸರ್ಕಾರ ಉಚಿತವಾಗಿ ಕೊಡುವ ಮಾಲಾ-ಎನ್ ಗುಳಿಗೆಯಲ್ಲಿ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ (ಇನ್ನೊಂದು ಬಗೆಯ ಹಾರ್ಮೋನ್) ಜೊತೆಗೆ 30 ಮೈಕ್ರೊಗ್ರಾಂ ಎಥಿನೈಲ್ ಎಸ್ಟ್ರಡಯಾಲ್ ಎಂಬ ಎಸ್ಟ್ರೊಜೆನ್ ಇದೆ. ಈ ಎಸ್ಟ್ರೊಜೆನ್ ಯಕೃತ್ತಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ರಕ್ತದೊತ್ತಡದ ನಿಯಂತ್ರಣಕ್ಕೆ ಸಂಬಂಧಿಸಿದ ಆಂಜಿಯೊಟೆನ್ಸಿನೋಜೆನ್ ಎಂಬ ಪ್ರೋಟೀನ್ ಕೂಡ ಏರುವುದರಿಂದ ಕೆಲವರಲ್ಲಿ ರಕ್ತದೊತ್ತಡವೂ ಏರುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ, ಪಾರ್ಶ್ವವಾಯು, ಹೃದಯಾಘಾತ ಇರುವವರಿಗೆ ಈ ಗುಳಿಗೆ ಬೇಡ ಎನ್ನುವುದು ಅದಕ್ಕೇ. ಸ್ತನ ಕ್ಯಾನ್ಸರ್ ಇರುವವರಿಗೂ ಬೇಡ. ರಕ್ತದೊತ್ತಡ 140/90 ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ, 160/100 ಮುಟ್ಟಿದರೆ ಖಂಡಿತ ಕೊಡಬಾರದು. ಹಾಲುಣಿಸುವ ಬಾಣಂತಿಗೆ ಮೊದಲ ಆರು ವಾರ ಪೂರ್ತಿ ನಿಷಿದ್ಧ, ಆರು ತಿಂಗಳವರೆಗೂ ಬೇಡ.

ಹೆಚ್ಚಾಗಿ ಕೈತಪ್ಪುವುದು ಮೈಗ್ರೇನ್. "ತಲೆಶೂಲೆ ಇದೆಯೇ?" ಎಂದಷ್ಟೇ ಕೇಳಿದರೆ ಸಾಲದು. ನೋವು ಶುರುವಾಗುವ ಮೊದಲು ಕಣ್ಣೆದುರು ಅಂಕುಡೊಂಕು ಬೆಳಕು ಮಿನುಗುತ್ತದೆಯೇ, ನೋಟದ ಒಂದು ಭಾಗ ಮಸುಕಾಗುತ್ತದೆಯೇ, ಒಂದು ಕೈ ಅಥವಾ ಕೆನ್ನೆ ಜೋಮು ಹಿಡಿಯುತ್ತದೆಯೇ ಎಂದು ಒಂದೊಂದಾಗಿ ಕೇಳಬೇಕು. ಸಾಮಾನ್ಯವಾಗಿ ಐದು ನಿಮಿಷದಿಂದ ಒಂದು ಗಂಟೆಯವರೆಗೆ ಇರುವ ಈ ಮುನ್ಸೂಚನೆಗೆ ಔರಾ ಎಂದು ಹೆಸರು. ಔರಾ ಇರುವ ಮೈಗ್ರೇನ್‌ಗೆ ಎಸ್ಟ್ರೊಜೆನ್ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ನಾಲ್ಕು ಹಂತದ ಅರ್ಹತಾ ಪಟ್ಟಿಯಲ್ಲಿ ಇದು ನಾಲ್ಕನೆಯದು, ಅಂದರೆ ಬಳಸಲೇಬಾರದು.

ಹಾಗಾದರೆ ಏನು ಕೊಡಬಹುದು? ಅಣ್ಣಿಗೇರಿಯಿಂದ ಔರಾ ಇರುವ ಒಬ್ಬ ತಾಯಿ ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ನಾನಾದರೆ ಮೊದಲು ವಂಕಿಯ (ಗರ್ಭಕೋಶದೊಳಗೆ ಇಡುವ ಸಾಧನ) ಬಗ್ಗೆ ಹೇಳುತ್ತೇನೆ. ತಾಮ್ರದ್ದು, ಹಾರ್ಮೋನ್ ಇಲ್ಲವೇ ಇಲ್ಲ. ಇದರಲ್ಲಿ 380ಎ ಎಂಬ ಬಗೆ ಹತ್ತು ವರ್ಷ, 375 ಎಂಬ ಬಗೆ ಐದು ವರ್ಷ ಕೆಲಸ ಮಾಡುತ್ತದೆ. ತೆಗೆಸಿದ ಕೂಡಲೇ ಗರ್ಭ ನಿಲ್ಲಬಹುದು. ಆದರೆ ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚುತ್ತವೆ. ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲೇ ರಕ್ತ ಕಡಿಮೆ. ಹಿಮೋಗ್ಲೋಬಿನ್ ನೋಡದೆ ಈ ಮಾತು ಮುಗಿಸಬೇಡಿ.

ಗುಳಿಗೆಯೇ ಬೇಕು ಎನ್ನುವವರಿಗೆ ಛಾಯಾ ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಸೆಂಟ್‌ಕ್ರೋಮನ್, 30 ಮಿಲಿಗ್ರಾಂ. ಸ್ಟೀರಾಯ್ಡ್ ಹಾರ್ಮೋನ್ ಅಲ್ಲ, ಹಾಲುಣಿಸುವವರೂ ತೆಗೆದುಕೊಳ್ಳಬಹುದು. ಮುಟ್ಟಿನ ಮೊದಲ ದಿನ ಶುರು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಭಾನುವಾರ ಮುಟ್ಟಾದರೆ ಭಾನುವಾರ ಮತ್ತು ಬುಧವಾರ, ನಾಲ್ಕನೇ ತಿಂಗಳಿನಿಂದ ಭಾನುವಾರ ಮಾತ್ರ. ಅದು ಊರಿನ ಸಂತೆಯ ದಿನವಾಗಿದ್ದರೆ ನೆನಪಿಡುವುದು ಇನ್ನೂ ಸುಲಭ. ಮರೆತು ಏಳು ದಿನದೊಳಗಿದ್ದರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಬೇಕು. ಏಳು ದಿನ ದಾಟಿದರೆ ಮತ್ತೆ ಮೊದಲಿನಿಂದ. ಮುಟ್ಟು ತಡವಾಗುವುದುಂಟು, ಅದನ್ನು ಮುಂಚೆಯೇ ಹೇಳಿರಿ. ಅಂಡಾಶಯದ ನೀರ್ಗುಳ್ಳೆ, ಕಾಮಾಲೆ, ಕ್ಷಯ, ಮೂತ್ರಪಿಂಡದ ಕಾಯಿಲೆ ಇದ್ದರೆ ಛಾಯಾ ಬೇಡ. ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ವೈದ್ಯರನ್ನು ಕೇಳದೆ ಕೊಡಬಾರದು.

'ಅಂತರ' ಎಂಬ ಹೆಸರಿನ ಗರ್ಭನಿರೋಧಕ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಇದರಲ್ಲಿರುವುದು ಪ್ರೊಜೆಸ್ಟಿನ್ ಮಾತ್ರ. ಆದರೂ ಎಲ್ಲರಿಗೂ ಹೊಂದುತ್ತದೆ ಎಂದುಕೊಳ್ಳಬೇಡಿ: ರಕ್ತದೊತ್ತಡ 160/100 ಅಥವಾ ಹೆಚ್ಚಿದ್ದರೆ ಇದೂ ಸೂಕ್ತವಲ್ಲ, ಸ್ತನ ಕ್ಯಾನ್ಸರ್ ಇದ್ದರೆ ಯಾವ ಹಾರ್ಮೋನೂ ಬೇಡ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಬರುವ ವರ್ಷವೇ ಇನ್ನೊಂದು ಮಗು ಬೇಕೆನ್ನುವವರಿಗೆ ಇದು ಮುಖ್ಯ. ಸ್ರಾವ ಏರುಪೇರಾಗಿ, ಬರಬರುತ್ತಾ ಮುಟ್ಟೇ ನಿಲ್ಲಬಹುದು. ಹೊಟ್ಟೆಯೊಳಗೆ ಕೆಟ್ಟ ರಕ್ತ ಉಳಿಯುತ್ತದೆ ಎಂಬ ಹೆದರಿಕೆ ಮನೆಯ ಹಿರಿಯರಿಗೆ ಬರುತ್ತದೆ. ಗರ್ಭಕೋಶದ ಒಳಪೊರೆ ತೆಳುವಾಗಿಯೇ ಇರುವುದರಿಂದ ಹೊರಬರಲು ಏನೂ ಇರುವುದಿಲ್ಲ ಎಂದು ಅತ್ತೆಯನ್ನೂ ಕೂರಿಸಿಕೊಂಡು ಹೇಳಿ. ಚುಚ್ಚಿದ ಜಾಗವನ್ನು ತಿಕ್ಕಬಾರದು, ಕಾವು ಕೊಡಬಾರದು. ಔಷಧಿ ಬೇಗ ಹೀರಲ್ಪಟ್ಟು ಪರಿಣಾಮ ಕುಗ್ಗುತ್ತದೆ.

ಪ್ರೊಜೆಸ್ಟಿನ್ ಮಾತ್ರ ಇರುವ ಡೆಸೊಜೆಸ್ಟ್ರೆಲ್ 75 ಮೈಕ್ರೊಗ್ರಾಂ ಗುಳಿಗೆ ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿಗೆ ಸಿಗುತ್ತದೆ. ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು, ಹನ್ನೆರಡು ಗಂಟೆಗಿಂತ ತಡವಾದರೆ ರಕ್ಷಣೆ ಸಡಿಲವಾಗುತ್ತದೆ.

ಇಷ್ಟೆಲ್ಲ ಹೇಳುವಾಗ ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ. ಮಕ್ಕಳು ಸಾಕು ಎಂದು ಇಬ್ಬರೂ ತೀರ್ಮಾನಿಸಿದ್ದರೆ, ಹೆಂಡತಿಯ ರಕ್ತದೊತ್ತಡಕ್ಕೂ ತಲೆಶೂಲೆಗೂ ಸಂಬಂಧವೇ ಇಲ್ಲದ ದಾರಿ ವಾಸೆಕ್ಟಮಿ, ಅಂದರೆ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆ. ಹೊಲಿಗೆ ಬೇಕಿಲ್ಲದ ವಿಧಾನವಿದೆ, ಅದೇ ದಿನ ಮನೆಗೆ ಹೋಗಬಹುದು. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತವಾದ ಮೇಲಷ್ಟೇ ನಿಶ್ಚಿಂತರಾಗಬೇಕು ಎಂಬುದನ್ನು ಅವರ ಕಾರ್ಡಿನಲ್ಲಿ ದಿನಾಂಕದೊಂದಿಗೆ ಬರೆದುಕೊಡಿ.